ಬಾಟಲಿಯ ಬಣ್ಣ ಬರುವ ತನಕ

ನನ್ನ ತಂಗಿಯ ಮದುವೆ ನನಗೆ ತಪ್ಪಿದ್ದು ಒಂದು ಬಾಟಲಿ ಕೆಂಪು ವೈನಿನಿಂದ. ಹೀಗೆ ಹೇಳಿದರೆ ಕೇಳಿದವರು ನನ್ನನ್ನು ಅನುಮಾನದಿಂದ ನೋಡುತ್ತಾರೆ. ನಮ್ಮ ಮನೆಯಲ್ಲಿ ಯಾರೂ ಅದರ ಒಂದು ತೊಟ್ಟನ್ನೂ ಕುಡಿಯಲಿಲ್ಲ.

ಎಂಬತ್ತರ ದಶಕದ ಮಾತು. ತೆಲುಗು ಸೀಮೆಯ ಕಲ್ಯಾಣದುರ್ಗದಲ್ಲಿ ಹುಟ್ಟಿದ ನನ್ನನ್ನು ಹಿಂದೂಪುರದಲ್ಲಿ ರೇಷ್ಮೆಗೆ ಬಣ್ಣ ಹಾಕುವವರ ಮನೆಗೆ ಕೊಟ್ಟಿದ್ದರು. ನೇಕಾರರು ತಂದ ನೂಲಿನ ಲಡಿಗಳನ್ನು ಮಾವ ಹಿತ್ತಲಿನ ತಾಮ್ರದ ಹಂಡೆಗಳಲ್ಲಿ ಅದ್ದಿ ತೆಗೆಯುತ್ತಿದ್ದರು. ನಾನು ಬರುವ ಹೊತ್ತಿಗೆ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು; ಊರಿಗೆ ಅದು ಗೊತ್ತಿರಲಿಲ್ಲ. ನನ್ನ ಗಂಡನಿಗೋ ಕುಂಕುಮಕ್ಕೂ ಇಟ್ಟಿಗೆಗೂ ವ್ಯತ್ಯಾಸ ಕಾಣದು. ಬಣ್ಣ ಸರಿಯೋ ತಪ್ಪೋ ನೋಡಿ ಹೇಳುವ ಕೆಲಸ ನನ್ನ ತಲೆಗೆ ಬಂತು. ಮೊದಮೊದಲು ಹೆಮ್ಮೆಪಟ್ಟೆ. ಕಣ್ಣು ಚೆನ್ನಾಗಿರುವ ಸೊಸೆಯನ್ನು ತವರಿಗೆ ಸುಲಭವಾಗಿ ಕಳಿಸುವುದಿಲ್ಲ ಎಂದು ಆಮೇಲೆ ತಿಳಿಯಿತು.

ಹೀಗಿರುವಾಗ ಬೆಂಗಳೂರಿನ ವ್ಯಾಪಾರಿಯೊಬ್ಬರು ಒಬ್ಬ ವಿದೇಶಿಯನ್ನು ಕರೆತಂದರು. ಆತನ ಮನೆತನಕ್ಕೆ ತಲೆತಲಾಂತರದ ದ್ರಾಕ್ಷಿ ತೋಟವಂತೆ. ಮುತ್ತಜ್ಜ ಕಟ್ಟಿಸಿದ ನೆಲಮಾಳಿಗೆಯಲ್ಲಿ ಇವತ್ತಿಗೂ ಮನೆಯವರೇ ವೈನು ಮಾಡುತ್ತಾರಂತೆ. ತೋಟದ ಹಬ್ಬಕ್ಕೆ ಅವರೆಲ್ಲ ಹೊದೆಯಲು ಅದೇ ವೈನಿನ ಬಣ್ಣದ ರೇಷ್ಮೆ ಶಾಲು ಬೇಕೆಂದು, ಸ್ಯಾಂಪಲ್ಲಿಗೆ ಒಂದು ಬಾಟಲಿ ಇಟ್ಟುಹೋದ. ಮುಂದಿನ ಶುಕ್ರವಾರ ನೂಲು ಒಯ್ಯಲು ವ್ಯಾಪಾರಿ ಬರುವವರಿದ್ದರು. ಅತ್ತೆ ಬಾಟಲಿಯನ್ನು ದೇವರ ಕೋಣೆಯಿಂದ ದೂರ, ಸೌದೆಯ ಹಿಂದೆ ಇಟ್ಟರು. ಮಾವನಿಗೆ ಮಾತ್ರ ಅದರ ಮೇಲೆ ಗೌರವ.

"ನಮ್ಮಂಗೇ ವಂಶದ ಕಸುಬು ಅವರ್ದೂ. ಒಂಚೂರೂ ಆಚೀಚೆ ಆಗ್ಬಾರ್ದು ಕಣಮ್ಮ" ಅಂದರು.

ಅದೇ ವಾರ ತಂಗಿಯ ಮದುವೆ. ಬುಧವಾರ ಸಂಜೆ ಅರಿಶಿನ, ಗುರುವಾರ ಧಾರೆ. ಅವ್ವ ತೀರಿಕೊಂಡಿದ್ದರಿಂದ ಅವಳಿಗೆ ಅರಿಶಿನ ಹಚ್ಚಬೇಕಾದವಳು ನಾನೇ. ಬಣ್ಣ ಬಂದ ಕೂಡಲೇ ಹೊರಡು ಎಂದರು ಮಾವ. ಭಾನುವಾರಕ್ಕೇ ಮುಗಿದೀತೆಂದು ಟ್ರಂಕು ತುಂಬಿ ಬಾಗಿಲ ಬಳಿ ಇಟ್ಟೆ.

ಶನಿವಾರ ಬಾಟಲಿ ತೆರೆದೆವು. ಬಿರಡೆ ಹೊರಗೆ ಬಾರದೆ, ಗಂಡ ಸ್ಕ್ರೂಡ್ರೈವರಿನಿಂದ ಅದನ್ನು ಒಳಗೇ ತಳ್ಳಿದರು. ಪಿಂಗಾಣಿ ಬಟ್ಟಲಿಗೆ ಬಗ್ಗಿಸಿದಾಗ ನಡುವೆ ಮಾಗಿದ ನೇರಳೆಯ ಬಣ್ಣ, ಅಂಚಿನಲ್ಲಿ ದಾಸವಾಳದ ಕೆಂಪು. ಅಂಥ ಬಣ್ಣವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಮೊದಲ ಲಡಿ ನೀಲಿಗೆ ತಿರುಗಿತು, ಎರಡನೆಯದು ಬರೀ ಕೆಂಪು. ಒದ್ದೆ ನೂಲು ಸುಳ್ಳು ಹೇಳುತ್ತದೆ. ನೆರಳಲ್ಲಿ ಒಣಗುವ ತನಕ ಕಾಯಬೇಕು. ಹಾಗೆ ಒಂದೊಂದಕ್ಕೆ ಅರ್ಧ ದಿನ.

ಸೋಮವಾರ ನೋಡಿದರೆ ಬಟ್ಟಲಿನ ವೈನು ಇಟ್ಟಿಗೆ ಬಣ್ಣಕ್ಕೆ ಇಳಿದು ಹುಳಿ ನಾರುತ್ತಿತ್ತು. ತೆರೆದಿಟ್ಟರೆ ಕೆಡುತ್ತದೆಂದು ಕುಡಿಯದವರಿಗೆ ಹೇಗೆ ಗೊತ್ತಾಗಬೇಕು? ಅಷ್ಟು ಹಳೆಯ ಮನೆತನದ್ದು ಎರಡು ದಿನಕ್ಕೆ ಕೆಡುವುದುಂಟೇ ಎಂದು ಮಾವ ನಂಬಲೇ ಇಲ್ಲ. ಬಾಟಲಿಯಲ್ಲಿ ಉಳಿದದ್ದೂ ಹಾಗೇ ಆಗಿತ್ತು. ಹಾಗಾದರೆ ಮೊದಲ ದಿನದ ಬಣ್ಣ ಎಲ್ಲಿಂದ ತರೋಣ ಎಂದರು ಮಾವ.

"ನನ್ನ ಕಣ್ಣಾಗೈತೆ ಮಾವ" ಅಂದುಬಿಟ್ಟೆ.

ಆ ಮಾತು ಆಡಬಾರದಿತ್ತು. ಅಂದಿನಿಂದ ನಾನೇ ಸ್ಯಾಂಪಲ್ಲು. ಬಾಟಲಿಯ ಚೀಟಿಯ ಮೇಲೆ ಆ ತೋಟದ ಕಲ್ಲಿನ ಮನೆಯ ಚಿತ್ರವಿತ್ತು, ಮೇಲೊಂದು ಚಿಕ್ಕ ಕಿಟಕಿ. ಅಲ್ಲೂ ಯಾರೋ ಸೊಸೆ ತವರಿನ ದಾರಿ ನೋಡುತ್ತಾ ನಿಂತಿರಬೇಕು ಎನ್ನಿಸಿತು. ಮಂಗಳವಾರ ತಂಗಿಯ ಕಾರ್ಡು ಬಂತು. ಶಾಲೆಯಲ್ಲಿ ಕಲಿತ ತೆಲುಗಿನಲ್ಲಿ ಒಂದೇ ಸಾಲು: ಎಪ್ಪುಡೊಸ್ತಾವಕ್ಕಾ, ಯಾವಾಗ ಬರುತ್ತೀ ಅಕ್ಕ ಎಂದು.

ಬುಧವಾರ ಬೆಳಿಗ್ಗೆ ಒಣಗಿದ ಲಡಿ ಬಹಳ ಹತ್ತಿರಕ್ಕೆ ಬಂದಿತ್ತು. ಒಂದು ಎಳ್ಳಿನಷ್ಟು ಕಪ್ಪು ಹೆಚ್ಚು, ಅಷ್ಟೇ. ಗಂಡ ಟ್ರಂಕು ಎತ್ತಿಕೊಂಡು ಬಸ್ಸಿಗೆ ಹೊತ್ತಾಯಿತೆಂದು ನಿಂತಿದ್ದರು. ಮಾವ ಲಡಿಯನ್ನು ನನ್ನತ್ತ ಚಾಚಿದರು.

"ಆಯ್ತೇನಮ್ಮ?"

ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡಂತೆ ನಿಂತೆ.

"ಇನ್ನೂ ಇಲ್ಲ ಮಾವ."

ಗಂಡ ಟ್ರಂಕು ಕೆಳಗಿಟ್ಟರು.

ಗುರುವಾರ ಮಧ್ಯಾಹ್ನ ಬಣ್ಣ ಬಂತು. ಅಷ್ಟು ಹೊತ್ತಿಗೆ ಕಲ್ಯಾಣದುರ್ಗದಲ್ಲಿ ಧಾರೆ ಮುಗಿದು ಊಟವೂ ಆಗಿರಬೇಕು. ಮಾವ ನನ್ನ ಕಣ್ಣನ್ನು ಹೊಗಳಿದರು. ನನಗೆ ಆ ಹಂಡೆಯನ್ನೇ ಬೋರಲು ಹಾಕುವಷ್ಟು ಸಿಟ್ಟು.

ತಿಂಗಳಾದ ಮೇಲೆ ಬೆಳುಗುಪ್ಪಕ್ಕೆ, ತಂಗಿಯ ಗಂಡನ ಮನೆಗೆ ಹೋದೆ. ನಡೆದದ್ದನ್ನೆಲ್ಲ ಹೇಳಿ ಮಾವನನ್ನು ಮನಸಾರೆ ಬೈದೆ. ಕೊನೆಗೆ ಅವಳು ಕೇಳಿದಳು.

"ನಿಮ್ಮ ಮಾವನಿಗೆ ಕಣ್ಣು ಕಾಣಾಕಿಲ್ಲ. ಬಾಟ್ಲೀನೂ ಕೆಟ್ಟೋಗಿತ್ತು ಅಂತೀಯ. ನೀನು ಆಯ್ತು ಅಂದ್ಬುಟ್ಟಿದ್ರೆ ಇಲ್ಲ ಅನ್ನೋರು ಯಾರಿದ್ರಕ್ಕ?"

ಹೊರಡುವಾಗ ಪದ್ಧತಿಯಂತೆ ಅವಳು ಅರಿಶಿನದ ಬಟ್ಟಲು ತಂದಳು. ನಾನು ಅವಳಿಗೆ ಹಚ್ಚಬೇಕಾಗಿದ್ದ ಅರಿಶಿನವನ್ನು ಅವಳೇ ನನ್ನ ಎರಡೂ ಕೆನ್ನೆಗೆ ಹಚ್ಚಿದಳು.