ಎಡತುದಿಯ ಖಾಲಿ ಕಿಟಕಿ

ಲೆಕ್ಕದ ಯಂತ್ರದ ಮುಂದೆ ಕುಳಿತರೆ ಕಮಲಾಬಾಯಿ ಮೊದಲು ನೋಡುತ್ತಿದ್ದುದು ಉತ್ತರ ಮೂಡುವ ಕಿಟಕಿಗಳ ಎಡತುದಿಯನ್ನು. ಅಲ್ಲಿ ಬೆರಳಿಟ್ಟು, ಗುಣಿಸುವ ಎರಡೂ ಸಂಖ್ಯೆಗಳ ಅಂಕಿಗಳನ್ನು ಎಣಿಸಿ, ಅಷ್ಟು ಕಿಟಕಿ ಇವೆಯೆಂದು ಖಾತ್ರಿಯಾದ ಮೇಲೇ ಹಿಡಿಕೆ ತಿರುಗಿಸುವರು. ಸಾಲದಿದ್ದರೆ ಲೆಕ್ಕವನ್ನು ಎರಡು ತುಂಡು ಮಾಡಿ, ಕೊನೆಗೆ ಕಾಗದದ ಮೇಲೆ ಕೂಡಿಸುವರು.

ಎಪ್ಪತ್ತರ ದಶಕದ ಸವದತ್ತಿ. ಕಾಲುವೆ ಕೆಲಸದ ಕಚೇರಿಯೊಂದರಲ್ಲಿ ಅವರೂ ನಾನೂ ಹಂಗಾಮಿ ಕಾರಕೂನರು. ದಿನವಿಡೀ ದಂಡೆಯ ಮಣ್ಣಿನ ಲೆಕ್ಕ, ಸಂಜೆಗೆ ತೋಳು ಎತ್ತಲಾಗದಷ್ಟು ನೋವು. ಕಿಟಕಿಗಳಿದ್ದ, ಅತ್ತಿತ್ತ ಸರಿಯುವ ಪಟ್ಟಿಗೆ ಗಾಡಿ ಎನ್ನುತ್ತಿದ್ದೆವು; ಅದನ್ನು ಒಂದು ಮನೆ ಸರಿಸಿದರೆ ಸಂಖ್ಯೆ ಹತ್ತುಪಟ್ಟು. ಹೆಚ್ಚು ಸರಿಸಿದರೆ ಎಡಗಡೆಯ ಅಂಕಿ ಕಿಟಕಿಯಾಚೆ ಬಿದ್ದುಹೋಗಿ, ಗುಡ್ಡದಷ್ಟು ಮಣ್ಣು ಬುಟ್ಟಿಯಷ್ಟಾಗುತ್ತಿತ್ತು. ಆಗ ಒಳಗೊಂದು ಗಂಟೆ ಟಿಣ್ ಎನ್ನುತ್ತಿತ್ತು. ನಾನೂ ಸೇರಿ ಉಳಿದ ಕಾರಕೂನರೆಲ್ಲ ಆ ಗಂಟೆಯನ್ನೇ ನಂಬಿದವರು. ಕಮಲಾಬಾಯಿಯವರ ನಿಧಾನ ಕಂಡು ನಗುತ್ತಿದ್ದೆವು. ಅವರಿಗೆ ಸಿಟ್ಟೇ ಇರಲಿಲ್ಲ.

“ಗಂಟಿ ಬಾರಿಸೂದು ಅಂಕಿ ಬಿದ್ದ ಮ್ಯಾಲ್ರಿ. ಮೊದಲ ಜಾಗಾ ನೋಡ್ರಿ, ಆಮ್ಯಾಲ ಗಾಡಿ ಸರಸ್ರಿ,” ಎನ್ನುತ್ತಿದ್ದರು.

ಒಂದು ಬೇಸಿಗೆಯ ಮಧ್ಯಾಹ್ನ ಎಲ್ಲರೂ ಸೋತು ಹೋಗಿದ್ದೆವು. ಬಾಯಿಯವರ ಎಣಿಕೆ ಎಲ್ಲೋ ತಪ್ಪಿರಬೇಕು. ಅವರ ಯಂತ್ರದ ಗಂಟೆ ಬಾರಿಸಿತು. ಕೈ ನಿಲ್ಲಲಿಲ್ಲ. ಮತ್ತೆ ಬಾರಿಸಿತು. ಎದ್ದು ಹೋಗಿ ಅವರ ಮೇಜು ತಟ್ಟಿದೆ. ತಲೆಯೆತ್ತಿ ನನ್ನ ತುಟಿಗಳನ್ನೇ ನೋಡುತ್ತ ಕೇಳಿದರು, “ಗಂಟಿ ಆತೇನ್ರಿ?”

ಕಿವಿ ಹೋಗಿ ಎಷ್ಟೋ ವರ್ಷವಾಗಿತ್ತಂತೆ; ಮಾತನ್ನೆಲ್ಲ ತುಟಿ ನೋಡಿಯೇ ತಿಳಿಯುತ್ತಿದ್ದರಂತೆ. ತಿಳಿದರೆ ಯಂತ್ರದಿಂದ ಎಬ್ಬಿಸುತ್ತಾರೆ, ಎಬ್ಬಿಸಿದರೆ ನೌಕರಿ ಇಲ್ಲ, ಆಮೇಲೆ ಬೈಲಹೊಂಗಲದ ತಮ್ಮನ ಮನೆಯಲ್ಲಿ ಹಂಗಿನ ಅನ್ನ. ಅದಕ್ಕೇ ಬಚ್ಚಿಟ್ಟಿದ್ದರು. ನಾನು ಯಾರಿಗೂ ಹೇಳುವುದಿಲ್ಲ, ಗಂಟೆಯಾದಾಗ ಕೈ ಎತ್ತುತ್ತೇನೆ ಎಂದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

“ದಂಡಿಗಿ ಮಣ್ಣು ಕಡಿಮಿ ಬಿದ್ರ ನೀರು ಯಾರದೋ ಹೊಲಕ್ಕ ನುಗ್ಗತದ. ಇವತ್ತ ನೀವು ಇದ್ರಿ. ನಾಳೆ? ನನಗೂ ಸಾಕಾಗೇದ್ರಿ.”

ಆ ಲೆಕ್ಕವನ್ನು ತಿದ್ದಿ, ಮರುದಿನ ತಾವೇ ಸಾಹೇಬರಿಗೆ ಹೇಳಿದರು. ಸಾಹೇಬರು ಕೆಟ್ಟವರಲ್ಲ, ಆದರೆ ಕೊಡಲು ಬೇರೆ ಕೆಲಸವಿರಲಿಲ್ಲ. ತಿಂಗಳ ಕೊನೆಗೆ ಬಾಯಿ ಟ್ರಂಕು ಹಿಡಿದು ಹೊರಟರು.

ಅವರನ್ನು ಕಂಡರೆ ನನಗೆಷ್ಟು ಗೌರವವೆಂದು ಒಮ್ಮೆಯೂ ಹೇಳಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಹೇಳೋಣವೆಂದುಕೊಂಡು ಹೋದರೆ ಬೈಲಹೊಂಗಲದ ಬಸ್ಸು ಆಗಲೇ ಹೊರಟಿತ್ತು. ಹಿಂದೆ ಓಡುತ್ತ “ಬಾಯಾರ” ಎಂದು ಕೂಗಿದೆ. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವರೊಬ್ಬರೇ ಮುಂದೆ ನೋಡುತ್ತ ಕುಳಿತಿದ್ದರು.