ಕಾಸರ್ಕದ ಕೆತ್ತೆ

ಆಗೆಲ್ಲ ಬಿಜೂರಿನ ನಮ್ಮ ಮನೆಯ ಹಿಂದಿನ ಹಾಡಿಗೆ, ಅಂದರೆ ಕುರುಚಲು ಕಾಡಿಗೆ, ಮಕ್ಕಳಾದ ನಾವು ಹೋಗದ ದಿನವೇ ಇರಲಿಲ್ಲ. ಮುರಕಲ್ಲಿನ ಒಣ ಗುಡ್ಡೆ ಅದು. ಬೇರೆ ಮರ ಸೊರಗಿದರೂ ಕಾಸರ್ಕ ಮಾತ್ರ ಮಿರಿಮಿರಿ ಎಲೆ ಹೊತ್ತು ನಿಲ್ಲುತ್ತಿತ್ತು. ಸೊಪ್ಪು ಗದ್ದೆಗೆ, ಕೊಡಲಿಗೂ ಬಗ್ಗದ ಮರ ಕತ್ತಿ, ಪಿಕಾಸಿಗಳ ಹಿಡಿಗೆ. ಕಹಿಗೆ ಹೆದರಿ ಗೆದ್ದಲೂ ಹತ್ತುತ್ತಿರಲಿಲ್ಲ. ಕಿತ್ತಳೆ ಬಣ್ಣದ ಹಣ್ಣಿನೊಳಗೆ ಅಂಗಿಯ ಗುಂಡಿಯಂಥ ಚಪ್ಪಟೆ ಬೀಜ, ಮುಟ್ಟಿದರೆ ರೇಷ್ಮೆ. ಮದ್ದಿಗೆಂದು ವ್ಯಾಪಾರಿಗಳು ಒಯ್ಯುತ್ತಿದ್ದರು. ಅದರಲ್ಲಿ ಆಡಿ ಬಂದರೆ ಅಬ್ಬಿ, ಅಂದರೆ ನಮ್ಮಮ್ಮ, ಕೈ ತೊಳೆಯದೆ ಒಳಗೆ ಬಿಡುತ್ತಿರಲಿಲ್ಲ. ಬೀಜವೂ ವಿಷ, ಕೆತ್ತೆ ಅಂದರೆ ತೊಗಟೆಯೂ ವಿಷ.

ಅದರ ಮಗ್ಗುಲಲ್ಲೇ ಹಾಲೆ ಮರ. ಆಸಾಡಿ ಅಮಾಸೆಯ ಬೆಳಿಗ್ಗೆ ಅದರ ಕೆತ್ತೆಯನ್ನು ಕಲ್ಲಿನಿಂದ ಜಜ್ಜಿ ತಂದು, ಬೆಳ್ಳುಳ್ಳಿ, ಕರಿಮೆಣಸು ಸೇರಿಸಿ ಅರೆದು, ಕಾದ ಬೆಣಚುಕಲ್ಲು ಹಾಕಿ ಚೊಂಯ್ ಎನ್ನಿಸಿದ ಕಷಾಯವನ್ನು ಮನೆಮಂದಿಯೆಲ್ಲ ಕುಡಿಯಬೇಕು. ಕಹಿ ಹೋಗಲು ಆಮೇಲೆ ಮೆಂತೆ ಗಂಜಿ. ಕೆತ್ತೆ ತರುವುದು ಅಜ್ಜನ ಕೆಲಸ. ಗಾಯದಿಂದ ಹಾಲು ಒಸರಿದರೆ ಮಾತ್ರ ಅದು ಹಾಲೆ ಎಂದು ಅವರು ಪ್ರತಿ ವರ್ಷ ಹೇಳುತ್ತಿದ್ದರು.

ಅಜ್ಜ ತೀರಿಕೊಂಡ ವರ್ಷ ಅಪ್ಪಯ್ಯನ ಕಾಲಿಗೆ ಮುಳ್ಳು ನೆಟ್ಟು ಬಾವು ಬಂದಿತ್ತು. ಬೊಂಬಾಯಿಯ ಹೋಟೆಲಿನಿಂದ ನಾಟಿಗೆಂದು ಬಂದಿದ್ದ ಅಪ್ಪಯ್ಯನ ತಮ್ಮ, ನಮ್ಮ ಚಿಕ್ಕಯ್ಯ, ತಾನೇ ತರುವೆನೆಂದು ಹೊರಟ. ಜಡಿಮಳೆ, ಮಬ್ಬು. ಒದ್ದೆ ಕೆತ್ತೆಯಲ್ಲಿ ಹಾಲು ಕಾಣಲಿಲ್ಲ, ಮಳೆಗೆ ತೊಳೆದುಹೋಗಿರಬೇಕು ಅಂದುಕೊಂಡನಂತೆ.

ಹಿರಿಯರು ಮೊದಲು ಕುಡಿಯುವುದು ಕ್ರಮ. ಅಜ್ಜಿ ಲೋಟ ಬರಿದು ಮಾಡಿ ಮುಖ ಕಿವುಚಿದಳು.

"ಈ ಕಹಿ ಬೇರೆ ನಮುನಿ ಇತ್ತ್. ಮಕ್ಕಳಿಗೆ ಕೊಡ್ಬೇಡಿ," ಅಂದಳು.

ನಮ್ಮ ಲೋಟಗಳನ್ನು ಅಬ್ಬಿ ಕಸಿದುಕೊಂಡಳು. ಸ್ವಲ್ಪ ಹೊತ್ತಿಗೆ ಅಜ್ಜಿಯ ದವಡೆ ಬಿಗಿಯತೊಡಗಿತು, ಮೈ ಬಿಲ್ಲಿನಂತೆ ಬಾಗಿತು. ನಡುವೆ ಬಿಡುವು ಸಿಕ್ಕಾಗ ಅಪ್ಪಯ್ಯನ ಕೈ ಹಿಡಿದು, "ಅವ್ನಿಗೆ ಯಾರೂ ಎಂತದೂ ಹೇಳ್ಬೇಡಿ," ಅಂದಳು. ಗಾಡಿ ಕಟ್ಟುವುದರೊಳಗೆ ಉಸಿರು ನಿಂತಿತ್ತು.

ಸಂಸ್ಕಾರ ಮುಗಿದ ಮರುದಿನ ಚಿಕ್ಕಯ್ಯ ಕೊಡಲಿ ಹಿಡಿದು ಹಾಡಿಗೆ ಹೋದ. ಸಂಜೆಯವರೆಗೆ ಕಡಿದರೂ ಕಾಸರ್ಕ ಉರುಳಲಿಲ್ಲ. ಅಂಗೈ ಹರಿದುಕೊಂಡು ಬಂದವನಿಗೆ ಅಬ್ಬಿ ಹಚ್ಚಲು ಎಣ್ಣೆ ಕೊಡಲಿಲ್ಲ.

ಅಜ್ಜಿಯ ಮಾತನ್ನು ನಮ್ಮ ಮನೆ ನಡೆಸಿದ್ದು ಹೀಗೆ: ಯಾರೂ ಅವನಿಗೆ ಏನೂ ಹೇಳಲಿಲ್ಲ. ಬೈಯಲಿಲ್ಲ, ಊಟಕ್ಕೆ ಕರೆಯಲೂ ಇಲ್ಲ. ಅವನು ತಂದಿಟ್ಟ ಚೊಂಬಿನ ನೀರನ್ನು ಅಪ್ಪಯ್ಯ ಅವನ ಕಣ್ಣೆದುರೇ ಅಂಗಳಕ್ಕೆ ಚೆಲ್ಲಿದರು. ಹೊರಡುವ ದಿನ ಬಾಗಿಲಲ್ಲಿ ನಿಂತು, "ಅತ್ತಿಗೆ, ಹೋಯಿ ಬತ್ತೆ," ಅಂದ. ಅಬ್ಬಿ ಒಲೆಯ ಕಡೆಯಿಂದ ತಿರುಗಲಿಲ್ಲ.

ಅವನು ಮತ್ತೆ ಬರಲಿಲ್ಲ. ಮದುವೆಯಾದದ್ದು ಊರವರ ಬಾಯಿಂದ ತಿಳಿಯಿತು. ಸತ್ತ ಸುದ್ದಿ ಬಂದಾಗ ಉತ್ತರಕ್ರಿಯೆಯೂ ಮುಗಿದಿತ್ತು. ಅಪ್ಪಯ್ಯ ಬಾವಿಕಟ್ಟೆಯಲ್ಲಿ ತಲೆಗೆ ನೀರು ಸುರಿದುಕೊಂಡು, ಉಣ್ಣದೆ ಮಲಗಿದರು. ಬೊಂಬಾಯಿಯಲ್ಲಿ ಚಿಕ್ಕಯ್ಯನ ಮಕ್ಕಳಿದ್ದಾರಂತೆ. ಎಷ್ಟು ಜನ, ಹೆಸರೇನು, ನನಗೆ ಇಂದಿಗೂ ಗೊತ್ತಿಲ್ಲ.