ಅಣ್ಣ ರಿಪೇರಿ ಮಾಡದ ಕಾರು

ನಮ್ಮಣ್ಣನಿಗೆ ಮಾತು ಕಡಿಮೆ, ಬೈಗುಳ ಜಾಸ್ತಿ. ಗ್ಯಾರೇಜಿನಲ್ಲಿ ಅವನದು ಇಂಜಿನ್ನು, ನನ್ನದು ಟೈರು. ಕಾರಿನಲ್ಲಿ ಹಳದಿ ಇಂಜಿನ್ ಲೈಟ್ ಹೊತ್ತಿಕೊಂಡರೆ ಜನ ಅವನನ್ನೇ ಹುಡುಕಿಕೊಂಡು ಬರುತ್ತಾರೆ. ಸ್ಟೇರಿಂಗಿನ ಕೆಳಗೆ ಸ್ಕ್ಯಾನರ್ ಚುಚ್ಚಿದರೆ ಒಂದು ಕೋಡ್ ಬರುತ್ತದೆ. ಕೋಡ್ ಯಾವ ಸೆನ್ಸರಿನ ಹೆಸರು ಹೇಳಿತೋ ಅದನ್ನೇ ಕಿತ್ತು ಹೊಸದು ಹಾಕುವವರೇ ಹೆಚ್ಚು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅಣ್ಣ ಹಾಗಲ್ಲ.

"ಕೋಡ್ ಅಂದ್ರೆ ಚಾಡಿ ಮಾತು ಕಣೋ. ಯಾರ ಮೇಲೆ ಹೇಳ್ತು ಅಂತಲ್ಲ, ಯಾಕೆ ಹೇಳ್ತು ಅಂತ ನೋಡ್ಬೇಕು," ಎನ್ನುತ್ತಾನೆ. ಬೇರೆಯವರು ಕೈಬಿಟ್ಟ ಎಷ್ಟೋ ಗಾಡಿಗಳಲ್ಲಿ ಅವನು ಇಲಿ ಕಡಿದ ವೈರನ್ನೋ, ಬಿರುಕು ಬಿಟ್ಟ ಪೈಪನ್ನೋ ಹುಡುಕಿ ತೆಗೆದಿದ್ದಾನೆ.

ಅತ್ತಿಗೆ ತೀರಿಕೊಂಡ ಮೇಲೆ ಅವನಿಗೆ ಉಳಿದವಳು ಒಬ್ಬಳೇ ಮಗಳು. ಊರಿನ ಆ ತುದಿಯಲ್ಲಿ ಅವಳ ಮನೆ, ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ಜಗಳವಿಲ್ಲ, ಮುನಿಸಿಲ್ಲ, ಪುರುಸೊತ್ತಿಲ್ಲ ಅಷ್ಟೆ. ತಿಂಗಳುಗಟ್ಟಲೆ ಮುಖ ತೋರಿಸದವಳು, ತನ್ನ ಹಳೇ ಕಾರಿನಲ್ಲಿ ಲೈಟ್ ಬಂದ ದಿನ ಓಡಿ ಬಂದಳು.

ಅವತ್ತು ಅಣ್ಣ ಬಾನೆಟ್ ಎತ್ತಿಟ್ಟು, ಅದನ್ನೂ ಇದನ್ನೂ ತಟ್ಟುತ್ತ ಮಧ್ಯಾಹ್ನವೆಲ್ಲ ಕಳೆದ. ಅವಳು ಸ್ಟೂಲಿನ ಮೇಲೆ ಕೂತು ವಾರ್ಡಿನ ಸುದ್ದಿ ಹೇಳಿದಳು, ಅವನ ಕನ್ನಡಕ ಒರೆಸಿಕೊಟ್ಟಳು, ಗಡ್ಡ ಬಿಟ್ಟಿದ್ದಕ್ಕೆ ಬೈದಳು. ಅವನು ನಕ್ಕ. ಅವನ ನಗು ನೋಡಿ ಎಷ್ಟು ಕಾಲವಾಗಿತ್ತೋ. ಲೈಟ್ ಆರಿತು, ಅವಳು ಹೋದಳು. ಎರಡು ವಾರಕ್ಕೆ ಲೈಟ್ ಮತ್ತೆ ಬಂತು, ಅವಳೂ ಬಂದಳು. ಹೀಗೇ ಹೆಚ್ಚುಕಡಿಮೆ ಒಂದು ವರ್ಷ ನಡೆಯಿತು.

ಇಷ್ಟು ದಿನ ಅಣ್ಣನ ಕೈಗೆ ಸಿಗದ ಕಾಯಿಲೆ ಯಾವುದಪ್ಪ ಎಂದು ನನಗೆ ಅನುಮಾನ. ಒಂದು ದಿನ ಅವಳ ಕಾರಿಗೆ ಗಾಳಿ ಹಾಕುವಾಗ ಸೀಟಿನ ಮೇಲಿದ್ದ ಸ್ಕ್ಯಾನರ್ ನೋಡಿದೆ. ಪೆಟ್ರೋಲ್ ಟ್ಯಾಂಕಿನ ಆವಿ ಸೋರುತ್ತಿದೆ ಎನ್ನುವ ಕೋಡ್. ಟ್ಯಾಂಕಿನ ಮುಚ್ಚಳ ತಿರುಗಿಸಿದರೆ, ಒಳಗಿನ ರಬ್ಬರ್ ಬಳೆ ಒಣಗಿ ಸೀಳಿತ್ತು. ಹೊಸ ಮುಚ್ಚಳ ಹಾಕಿದರೆ ಮುಗಿಯಿತು. ಟೈರಿನವನಾದ ನನಗೇ ಗೊತ್ತಾಗುವಂಥದ್ದು. ಇವನು ಬರೀ ಕೋಡ್ ಅಳಿಸಿ ಕಳಿಸುತ್ತಿದ್ದ. ಅಳಿಸಿದರೆ ಲೈಟ್ ಆರುತ್ತದೆ, ಕಾಯಿಲೆ ಹಾಗೇ ಇರುತ್ತದೆ. ಒಂದಷ್ಟು ದಿನ ಓಡಿದ ಮೇಲೆ ಗಾಡಿ ಮತ್ತೆ ದೂರು ಹೇಳುತ್ತದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಯಾರಿಗೂ ಕಾಣುವುದಿಲ್ಲವೇ? ನನಗೆ ಸಿಟ್ಟು ನೆತ್ತಿಗೇರಿತು.

ಅವಳು ಹೋದ ಮೇಲೆ ಕೇಳಿಯೇ ಬಿಟ್ಟೆ. "ಏನಣ್ಣ ಇದು, ಒಂದು ಮುಚ್ಚಳದ ಕೆಲಸ. ಪಾಪ, ಡ್ಯೂಟಿ ಬಿಟ್ಟು ಓಡಿ ಬರುತ್ತೆ ಮಗು. ನೋಡ್ಬೇಕು ಅನ್ಸಿದ್ರೆ ಬಾ ಅಂತ ಬಾಯಿಬಿಟ್ಟು ಕರೀಬಾರ್ದಾ?"

"ಕರ್ದಿದ್ದೀನಿ ಕಣೋ. ಮುಂದಿನ ವಾರ ಅಪ್ಪ ಅಂತಾಳೆ. ಲೈಟ್ ಬಂದ್ರೆ ಅವತ್ತೇ ಬರ್ತಾಳೆ," ಎಂದ.

ನಾನು ಹೋಗಿ, ಬಿಚ್ಚಿಟ್ಟಿದ್ದ ಟೈರಿನಲ್ಲಿ ಪಂಕ್ಚರ್ ಹುಡುಕತೊಡಗಿದೆ.

ಆಮೇಲೆ ಲೈಟ್ ಬರಬೇಕಾದ ಹೊತ್ತು ಬಂದರೂ ಅವಳು ಬರಲಿಲ್ಲ. ಅಣ್ಣ ರಸ್ತೆ ಕಡೆ ಮುಖ ಮಾಡಿಕೊಂಡೇ ಕೆಲಸ ಮಾಡಿದ. ಕೊನೆಗೊಂದು ದಿನ ಬಂದಳು, ಹೊಚ್ಚ ಹೊಸ ಕಾರಿನಲ್ಲಿ. ಇಂಜಿನ್ ಆರಿಸಲಿಲ್ಲ, ಕೆಳಗೂ ಇಳಿಯಲಿಲ್ಲ.

"ಹಳೇದು ಮಾರ್ಬಿಟ್ಟೆ ಅಪ್ಪ. ಆಸ್ಪತ್ರೆ ಹತ್ರ ಒಬ್ಬ ಮೆಕ್ಯಾನಿಕ್ ನೋಡ್ತೀನಿ ಅಂದ, ನಾನೇ ಬೇಡ ಅಂದೆ. ನಮ್ಮಪ್ಪನ ಕೈಲೇ ಆಗ್ಲಿಲ್ಲ ಅಂದ್ಮೇಲೆ ಇನ್ಯಾರ ಕೈಲಿ ಆಗುತ್ತೆ?"

"ಇದು?" ಎಂದ ಅಣ್ಣ.

"ಇದನ್ನ ಕಂಪನಿಯವರೇ ನೋಡ್ಕೋತಾರೆ. ಹೊರಗಿನವರು ಕೈ ಹಾಕೋ ಹಾಗಿಲ್ವಂತೆ. ನಿನಗೂ ಎಷ್ಟು ಕಾಟ ಕೊಟ್ಟೆ. ಇನ್ಮೇಲೆ ಆರಾಮಾಗಿರು."

ಈಗಲಾದರೂ ನಿಜ ಹೇಳುತ್ತಾನೆ ಎಂದು ನಾನು ಕಾದೆ. "ಒಳ್ಳೇ ಗಾಡಿ ಕಣಮ್ಮ," ಎಂದ. ಡ್ಯೂಟಿಗೆ ಹೊತ್ತಾಯಿತೆಂದು ಅವಳು ಹೊರಟಳು. ಅಣ್ಣನನ್ನು ಬೈಯೋಣವೆಂದರೆ ಅವನ ಮುಖ ನೋಡಲಾಗಲಿಲ್ಲ.

ಈಗ ಅವಳು ಆಗೀಗ ಫೋನ್ ಮಾಡುತ್ತಾಳೆ. "ಗಾಡಿ ಹೇಗಿದೆಯಮ್ಮ?" ಎಂದು ಇವನು ಕೇಳುತ್ತಾನೆ. "ಏನೂ ತೊಂದ್ರೆ ಇಲ್ಲಪ್ಪ," ಎನ್ನುತ್ತಾಳೆ. ಆಮೇಲೆ ಇಬ್ಬರಿಗೂ ಮಾತು ಸಿಗುವುದಿಲ್ಲ.